ಕುದುರೆಯ ಮೇಲೆ ಕೂತು ಉಸಿರು ಬಿಗಿಹಿಡಿಯಬೇಡಿ

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಪ್ರತಿಕ್ರಿಯೆಯೊಂದು ನನ್ನನ್ನು ಇನ್ನೂ ಕೆರಳಿಸುತ್ತಿದೆ. ಹೆದರುವವರು ಕುದುರೆ ಏರಿ ಸ್ಪರ್ಧೆಗೆ ಇಳಿಯಲೇಬಾರದು, ಮನಸ್ಸು ಗಟ್ಟಿಯಿದ್ದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂದು ಅದರಲ್ಲಿ ಬರೆದಿದ್ದರು. ಸ್ಪರ್ಧೆಯ ದಿನ ಎದೆ ಡವಗುಟ್ಟುವುದು ಸಹಜ. ಅದನ್ನು ಮನಸ್ಸಿನಿಂದ ಓಡಿಸಲು ಹೆಣಗುವುದು ವ್ಯರ್ಥ. ಮಾಡಬೇಕಾದ ಕೆಲಸ ಒಂದೇ: ಉಸಿರನ್ನು ಹೊರಗೆ ಬಿಡಿ.

ಸವಾರರು ಉಸಿರು ಹಿಡಿದ ಕ್ಷಣದಲ್ಲಿ ಏನಾಗುತ್ತದೆಂದು ಗಮನಿಸಿ. ಹೊಟ್ಟೆ ಬಿಗಿಯುತ್ತದೆ, ತೊಡೆಗಳು ಜೀನನ್ನು ಅವುಚಿಕೊಳ್ಳುತ್ತವೆ, ಹಿಮ್ಮಡಿ ಮೇಲೇಳುತ್ತದೆ, ಅರಿವಿಲ್ಲದೆಯೇ ಲಗಾಮು ನಾಲ್ಕು ಬೆರಳಷ್ಟು ಗಿಡ್ಡವಾಗುತ್ತದೆ. ನೊಣ ಕೂತರೆ ಕೂತಷ್ಟೇ ಜಾಗದ ಚರ್ಮವನ್ನು ಅದುರಿಸಬಲ್ಲ ಪ್ರಾಣಿಗೆ ಇದು ತಿಳಿಯದೆ ಇರುತ್ತದೆಯೇ? ಅದು ತಲೆ ಎತ್ತುತ್ತದೆ, ಬೆನ್ನು ತಗ್ಗಿಸುತ್ತದೆ, ಕಿವಿಗಳನ್ನು ಅತ್ತಿತ್ತ ತಿರುಗಿಸಿ ಅಪಾಯ ಎಲ್ಲಿದೆ ಎಂದು ಹುಡುಕುತ್ತದೆ; ಹಿಂಡಿನಲ್ಲಿ ಒಂದು ಬೆದರಿದರೆ ಉಳಿದವು ಕಾರಣ ಕೇಳದೆ ಓಡಿ ಬದುಕುಳಿದ ಜಾತಿ ಅದು. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಈ ಸಲ ನೀವು ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ ಎಂದು ಸವಾರರಿಗೆ ಹೇಳಿದ್ದರು. ಕೊಡೆಯನ್ನು ಯಾರೂ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತದ ಜೊತೆಗೆ ಕುದುರೆಗಳದ್ದೂ ಏರಿತು.

ಅನುಭವ ಬಂದಂತೆ ಇದೆಲ್ಲ ಸರಿಹೋಗುತ್ತದೆ ಎನ್ನುವವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನನ್ನು (ಆಗ ಕುದುರೆ ಸವಾರಿಯೂ ಸೇರಿದ್ದ ಐದು ಆಟಗಳ ಸ್ಪರ್ಧೆ) ನೆನಪಿಸಿಕೊಳ್ಳಲಿ. ಮುನ್ನಡೆಯಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್ ಅವರಿಗೆ ಚೀಟಿಯಲ್ಲಿ ಬಂದ ಸೇಂಟ್ ಬಾಯ್ ಎಂಬ ಕುದುರೆಯೊಡನೆ ಪರಿಚಯಕ್ಕೆ ಸಿಕ್ಕಿದ್ದು 20 ನಿಮಿಷ ಮಾತ್ರ. ಅದಾಗಲೇ ಇನ್ನೊಬ್ಬ ಸವಾರರ ಕೆಳಗೆ ಜಿಗಿಯಲು ನಿರಾಕರಿಸಿದ್ದ ಕುದುರೆ ಅದು. ಅವರು ಅಳುತ್ತಲೇ ಅಂಕಣದಲ್ಲಿದ್ದರು, ಕುದುರೆ ಮುಂದೆ ಹೋಗಲಿಲ್ಲ, ಪದಕ ಕೈತಪ್ಪಿತು. ತಪ್ಪು ಅವರದೆಂದು ನಾನು ಹೇಳುತ್ತಿಲ್ಲ. ಒಲಿಂಪಿಕ್ಸ್ ಮಟ್ಟದ ಅನುಭವವೂ ಅಲ್ಲಿ ಕಾಯಲಿಲ್ಲ ಎನ್ನುತ್ತಿದ್ದೇನೆ.

ಹಾಗಾದರೆ ಅಂಕಣದಲ್ಲಿ ಮಾಡಬೇಕಾದದ್ದೇನು? ಕುದುರೆಯನ್ನು ಬೇಲಿಗಳ ಮೇಲೆ ಜಿಗಿಸುವ ಶೋ ಜಂಪಿಂಗ್‌ನಲ್ಲಿ ಗಂಟೆ ಬಾರಿಸಿದ 45 ಸೆಕೆಂಡಿನ ಬಳಿಕ, ನೀವು ಆರಂಭದ ಗೆರೆ ದಾಟಿರದಿದ್ದರೂ ಗಡಿಯಾರ ಓಡತೊಡಗುತ್ತದೆ. ಬಹಳ ಮಂದಿ ಆ ಅವಧಿಯಲ್ಲಿ ಗಾಬರಿಯಿಂದ ಸುತ್ತು ಹೊಡೆಯುತ್ತಾರೆ. ಅದರ ಬದಲು ಕುದುರೆಯ ಹೆಜ್ಜೆಗಳನ್ನು ಬಾಯಿಬಿಟ್ಟು ಎಣಿಸಿ, ಏಕೆಂದರೆ ಉಸಿರು ಬಿಗಿಹಿಡಿದುಕೊಂಡು ಯಾರೂ ಮಾತನಾಡಲಾರರು. ಕುದುರೆಯ ನಡೆಗೆ, ವಿಧೇಯತೆಗೆ ಅಂಕ ಕೊಡುವ ಡ್ರೆಸಾಜ್‌ನಲ್ಲಿ ಪರೀಕ್ಷೆ ನಡೆಯುವಾಗ ದನಿ ಎತ್ತಿದರೆ ಅಂಕ ಕಡಿತವಾಗುವುದರಿಂದ ಒಳಹೋಗುವ ಮೊದಲೇ ಎಣಿಸಿ ಮುಗಿಸಿ, ಒಳಗೆ ಪ್ರತಿ ಮೂಲೆಯಲ್ಲೂ ನಿಧಾನವಾಗಿ ಉಸಿರು ಬಿಡಿ. ಕೆಳಗಿರುವ ಕುದುರೆ ಮೂಗಿನಿಂದ ಬುಸ್ ಎಂದು ಗಾಳಿ ಬಿಟ್ಟು ಕುತ್ತಿಗೆ ಇಳಿಸಿದಾಗ ನಿಮಗೇ ಗೊತ್ತಾಗುತ್ತದೆ. ಇದನ್ನು ಮನೆಯ ಅಂಕಣದಲ್ಲಿ ದಿನವೂ ಮಾಡಿರಬೇಕು. ವಾರ್ಮ್‌-ಅಪ್ ಕುರಿತ ನನ್ನ ಹಿಂದಿನ ಸಂಚಿಕೆಯಲ್ಲಿ ಇದನ್ನು ವಿವರವಾಗಿ ಹೇಳಿದ್ದೇನೆ, ನೋಡಿರದವರು ದಯವಿಟ್ಟು ನೋಡಿ, ಚಾನೆಲ್‌ಗೆ ಚಂದಾದಾರರಾಗಿ.

ಉಸಿರು ಬಿಟ್ಟರೆ ಬೇಲಿ ಗಿಡ್ಡವಾಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಹೆದರಿಕೆ ಇರಲಿ, ಕೈ ನಡುಗಲಿ, ಹೊಟ್ಟೆ ಕಿವುಚಲಿ, ಉಸಿರನ್ನು ಮಾತ್ರ ಹಿಡಿಯಬೇಡಿ. ಧೈರ್ಯದ ಉಪದೇಶ ಕೊಡುವವರು ಮೊದಲು ತಮ್ಮ ಉಸಿರು ಎಲ್ಲಿದೆಯೆಂದು ನೋಡಿಕೊಳ್ಳಲಿ, ಆಮೇಲೆ ನನಗೆ ಬರೆಯಲಿ.