ಮುಚ್ಚದ ರೆಪ್ಪೆ

ಹಾಸನದ ಕೇಳುಗರಿಗೆ ನಮಸ್ಕಾರ.

ಬೇಲೂರು ಕಡೆಯ ಹುಡುಗಿಯೊಬ್ಬಳಿಗೆ ಮುಂಚಾಚಿದ್ದ ಕೆಳದವಡೆಯನ್ನು ಹಿಂದಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ ಆಗಿತ್ತು. ಮಾರನೆಯ ಬೆಳಿಗ್ಗೆ ಮುಖ ಬಾತುಕೊಂಡಿತ್ತು; ಅದೇನೂ ಹೊಸದಲ್ಲ. ಆದರೆ ಕಣ್ಣು ಮುಚ್ಚಮ್ಮ ಎಂದಾಗ ಎಡರೆಪ್ಪೆ ಅರ್ಧಕ್ಕೇ ನಿಂತಿತು. ಸಂದಿಯಲ್ಲಿ ಬಿಳಿಗುಡ್ಡೆ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ, "ಲಕ್ವ ಹೊಡೆಯಿತಲ್ಲಪ್ಪಾ" ಎಂದು ಸೆರಗು ಬಾಯಿಗಿಟ್ಟುಕೊಂಡರು.

ಅಜ್ಜಿ ಹೆದರಿದಂತೆ ಅದು ಮಿದುಳಿನ ಲಕ್ವವಲ್ಲ. ಅಲ್ಲಿ ಸಾಮಾನ್ಯವಾಗಿ ಹಣೆಯ ಗೆರೆ ಉಳಿಯುತ್ತದೆ. ಇವಳ ಎಡಹಣೆ ನುಣ್ಣಗಿತ್ತು. ಪೆಟ್ಟು ಬಿದ್ದದ್ದು ಮುಖದ ನರಕ್ಕೆ. ಕಿವಿಯ ಕೆಳಗೆ ತಲೆಬುರುಡೆಯಿಂದ ಹೊರಬಂದು, ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಐದು ಕವಲಾಗುವ ಈ ನರವೇ ಹುಬ್ಬು, ರೆಪ್ಪೆ, ತುಟಿಗಳನ್ನು ಆಡಿಸುವುದು. 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೆಸರ್ ಪ್ರಕಟಿಸಿದ ವಿಧಾನದಂತೆ ದವಡೆಯನ್ನು ಬಾಯೊಳಗಿನಿಂದಲೇ ಸೀಳಿ ಸರಿಸುತ್ತೇವೆ. ಹಾಗಾಗಿ ಈ ನರ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಿಂದೆ ಸರಿದ ಮೂಳೆ ಅದನ್ನು ಒತ್ತಬಹುದು, ಉಪಕರಣ ತಾಗಬಹುದು, ಊತವೋ ಹೆಪ್ಪುಗಟ್ಟಿದ ರಕ್ತವೋ ಅಮುಕಬಹುದು. ನೂರರಲ್ಲಿ ಒಬ್ಬರಿಗೂ ಆಗದಷ್ಟು ಅಪರೂಪ. ಅಪರೂಪವೆಂದೇ ನಾವು ವೈದ್ಯರು ಒಪ್ಪಿಗೆ ಪತ್ರದ ಆ ಸಾಲನ್ನು ಬೇಗ ದಾಟಿಸಿಬಿಡುತ್ತೇವೆ, ನಾನೂ ದಾಟಿಸಿದ್ದೇನೆ.

ಕೆಳತುಟಿ ಜೋಮು ಹಿಡಿಯುವುದು ಬೇರೆ ಮಾತು. ಅದು ದವಡೆಯೊಳಗೇ ಹಾಯುವ ಸ್ಪರ್ಶದ ನರದ ತೊಂದರೆ. ತುಂಬಾ ಜನರಿಗೆ ಆಗುತ್ತದೆ. ಕಾಫಿ ತುಟಿಯಿಂದ ಸೋರಿದರೆ ಅದು ಬರೀ ಜೋಮೂ ಇರಬಹುದು. ರೆಪ್ಪೆ ಮುಚ್ಚದಿದ್ದರೆ ಮಾತ್ರ ಸಂಜೆಯವರೆಗೆ ಕಾಯದೆ ವೈದ್ಯರಿಗೆ ಹೇಳಿ.

ನರಕ್ಕಿಂತ ಮೊದಲು ಕಾಯಬೇಕಾದದ್ದು ಕಣ್ಣನ್ನು. ಒಣಗಿದ ಕರಿಗುಡ್ಡೆಗೆ ಹುಣ್ಣಾದರೆ ದೃಷ್ಟಿಗೇ ಕುತ್ತು. ಅವಳಿಗೆ ಹಗಲು ಕಣ್ಣಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ ಎಂದೂ ಹೇಳಿದೆ. ಜೊತೆಗೆ ಕೆಲವು ದಿನ ಸ್ಟೀರಾಯ್ಡ್ ಮಾತ್ರೆ, ಆಮೇಲೆ ಕನ್ನಡಿಯ ಮುಂದೆ ವ್ಯಾಯಾಮ. ಬರೀ ಒತ್ತಡಕ್ಕೆ ಸಿಕ್ಕ ನರ ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಒಳಗಿನ ಎಳೆ ಮುರಿದಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆಯಬೇಕು. ಅದಕ್ಕೆ ತಿಂಗಳುಗಳೇ ಬೇಕು.

ಮೂರನೆಯ ತಿಂಗಳು ಅವಳು ಬಂದಳು. ನಾನು ಕೇಳುವ ಮೊದಲೇ ಅಜ್ಜಿ ಹೇಳಿದರು: "ತಲೆಗೆ ನೀರು ಹಾಕುವಾಗ ಸೀಗೆಪುಡಿ ಕಣ್ಣಿಗೆ ಹೋಯಿತೆಂದು ಈಗ ಕಿರುಚುವುದಿಲ್ಲ, ಡಾಕ್ಟರೇ."