ಮೂರು ತಿಂಗಳಿಗೆ ಅಂತ ಹೋದ ಪಡೆ

ನಮಸ್ಕಾರ ಕೇಳುಗರೇ. ಮಡಿಕೇರಿಗೆ ಬಂದವರು ರಾಜಾ ಸೀಟ್ ನೋಡ್ತಾರೆ, ಅಬ್ಬಿ ಫಾಲ್ಸ್ ನೋಡ್ತಾರೆ, ಕಾಫಿಪುಡಿ ಕಟ್ಟಿಸ್ಕೊಂಡು ಹೊರಟುಬಿಡ್ತಾರೆ. ನಾನು ಮಾತ್ರ ನಮ್ಮನೆಗೆ ಬಂದ ನೆಂಟರನ್ನೆಲ್ಲ ಮೊದಲು ಸನ್ನಿಸೈಡ್‌ಗೆ ಕರ್ಕೊಂಡ್ ಹೋಗ್ತೀನಿ. ಜನರಲ್ ತಿಮ್ಮಯ್ಯನವರ ಮನೆ ಅದು, ಎಷ್ಟೋ ವರ್ಷ ಆರ್‌ಟಿಓ ಆಫೀಸ್ ಆಗಿತ್ತು, 2021ರಲ್ಲಿ ಮ್ಯೂಸಿಯಂ ಆಯ್ತು. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಕಥೆ ಕೊಡಗಲ್ಲಿ ಮಕ್ಕಳಿಗೂ ಗೊತ್ತು. ಆದ್ರೆ ಅವರು ಕೊನೆಯುಸಿರೆಳೆದದ್ದು ಎಲ್ಲಿ ಅಂತ ಕೇಳಿ ನೋಡಿ, ಹೆಚ್ಚಿನವರು ಸುಮ್ಮನಾಗ್ತಾರೆ.

ಸೈಪ್ರಸ್‌ನಲ್ಲಿ. 1965ರ ಡಿಸೆಂಬರ್ 18ಕ್ಕೆ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಡ್ಯೂಟಿಯಲ್ಲಿದ್ದಾಗಲೇ ತೀರ್ಕೊಂಡ್ರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿದೆ. ಇವತ್ತು ಆ ಪಡೆ ಬಗ್ಗೆನೇ ಮಾತಾಡ್ಬೇಕು ಅಂತ ಬಂದಿದ್ದೀನಿ, ಯಾಕಂದ್ರೆ ಜಗತ್ತಿನಲ್ಲಿ ಶಾಂತಿ ಕಾಯೋ ಕೆಲಸ ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅನ್ನೋದು ಆ ಪುಟ್ಟ ದ್ವೀಪದಲ್ಲಿ ಕಾಣೋ ಹಾಗೆ ಬೇರೆಲ್ಲೂ ಕಾಣಲ್ಲ ಅಂತ ನನ್ನ ಅನಿಸಿಕೆ.

ಸೈಪ್ರಸ್ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರ ಆಯ್ತು. ಗ್ರೀಕ್ ಮಾತಾಡೋರು ಜಾಸ್ತಿ, ಟರ್ಕಿಶ್ ಮಾತಾಡೋರು ಕಮ್ಮಿ, ಹಳ್ಳಿಗಳಲ್ಲಿ ಅಕ್ಕಪಕ್ಕ ಬದುಕಿದ್ದವರೇ. ಮೂರೇ ವರ್ಷಕ್ಕೆ, 1963ರ ಡಿಸೆಂಬರ್‌ನಲ್ಲಿ ಹೊಡೆದಾಟ ಶುರುವಾಗಿ ಹೆಣ ಬಿದ್ವು. ಆಗ ಒಬ್ಬ ಬ್ರಿಟಿಷ್ ಜನರಲ್ ರಾಜಧಾನಿ ನಿಕೋಸಿಯಾದ ಮ್ಯಾಪ್ ತಗೊಂಡು ಹಸಿರು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದ, ಈ ಕಡೆ ನೀವು, ಆ ಕಡೆ ಅವರು ಅಂತ. ಇವತ್ತಿಗೂ ಅದರ ಹೆಸರು ಗ್ರೀನ್ ಲೈನ್. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಠರಾವು ಮಾಡಿ ಪಡೆ ಕಳಿಸ್ತು. ಎಷ್ಟು ದಿನಕ್ಕೆ? ಮೂರು ತಿಂಗಳಿಗೆ. ಮೊದಲು ಕಮಾಂಡರ್ ಆಗಿದ್ದು ನಮ್ಮವರೇ ಆದ ಜನರಲ್ ಗ್ಯಾನಿ, ಆಮೇಲೆ ತಿಮ್ಮಯ್ಯ. ಆ ಮೂರು ತಿಂಗಳು ಅರವತ್ತು ವರ್ಷ ದಾಟಿದೆ ಸ್ವಾಮಿ, ಮುಂದುವರಿಸ್ತಾ ಮುಂದುವರಿಸ್ತಾ.

ಇಷ್ಟು ವರ್ಷ ಏನ್ ಮಾಡಿದ್ರು ಅಂತ ಸಿಟ್ಟು ಬರೋದು ಸಹಜ, ನನಗೂ ಬಂದಿತ್ತು. ನಮ್ಮ ಬೀದಿಯಲ್ಲೊಬ್ರು ರಿಟೈರ್ಡ್ ಹವಾಲ್ದಾರ್ ಇದ್ದಾರೆ, ಲೆಬನಾನ್‌ಗೆ ವಿಶ್ವಸಂಸ್ಥೆ ಶಾಂತಿಪಡೆಯ ನೀಲಿ ಟೋಪಿ ಹಾಕ್ಕೊಂಡು ಹೋಗಿ ಬಂದವರು. ಕೈಯಲ್ಲಿ ಬಂದೂಕು ಇರುತ್ತೆ, ಆದ್ರೆ ನಮ್ಮ ಜೀವಕ್ಕೋ ನಮ್ಮನ್ನ ನಂಬಿ ಬಂದವರ ಜೀವಕ್ಕೋ ಬಂದ್ರೆ ಮಾತ್ರ ಅದನ್ನ ಎತ್ತಬೇಕು, ಮಿಕ್ಕಿದ್ದೆಲ್ಲ ನಿಂತು ನೋಡೋದು, ಬರ್ಕೊಳ್ಳೋದು, ಎರಡೂ ಕಡೆಯವರ ಹತ್ರ ಮಾತಾಡೋದು ಅಂತ ಅವರು ಹೇಳ್ದಾಗ ನಂಗೆ ಸ್ವಲ್ಪ ಅರ್ಥ ಆಯ್ತು. ಆ ಪಡೆ ನಿಂತಿರೋದೇ ಜಗಳ ಆಡೋರ ಒಪ್ಪಿಗೆ ಮೇಲೆ. ಒಪ್ಪಿಗೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ 1967 ನೋಡಿ. ಈಜಿಪ್ಟ್, ಇಸ್ರೇಲ್ ನಡುವೆ ಸಿನಾಯ್, ಗಾಜಾದಲ್ಲಿದ್ದ ವಿಶ್ವಸಂಸ್ಥೆ ಪಡೆಗೆ ಆಗ ಕಮಾಂಡರ್ ಭಾರತದ ಜನರಲ್ ರಿಖ್ಯೆ. ಈಜಿಪ್ಟಿನ ನಾಸರ್ ಮೇ ತಿಂಗಳಲ್ಲಿ ಹೊರಡಿ ಅಂದ್ರು, ಮೂರು ವಾರ ಆಗೋದ್ರೊಳಗೆ ಯುದ್ಧ ಬಂತು, ಇನ್ನೂ ಹೊರಡದೇ ಇದ್ದ ನಮ್ಮ ಸೈನಿಕರೂ ಸತ್ರು. ಮೊನ್ನೆ 2023ರಲ್ಲಿ ಆಫ್ರಿಕಾದ ಮಾಲಿ ದೇಶದ ಸರ್ಕಾರ ಕೂಡ ಅಲ್ಲಿದ್ದ ವಿಶ್ವಸಂಸ್ಥೆ ಪಡೆಗೆ ಹಾಗೇ ಹೊರಡಿ ಅಂತು, ವರ್ಷ ಮುಗಿಯೋಷ್ಟರಲ್ಲಿ ಪಡೆ ಗಂಟುಮೂಟೆ ಕಟ್ಕೊಂಡು ಹೋಯ್ತು.

ಸೈಪ್ರಸ್‌ಗೆ ಬರ್ತೀನಿ. 1974ರ ಜುಲೈನಲ್ಲಿ ಗ್ರೀಸ್‌ನ ಮಿಲಿಟರಿ ಆಡಳಿತದ ಬೆಂಬಲದಲ್ಲಿ ಸೈಪ್ರಸ್ ಸರ್ಕಾರ ಬೀಳಿಸೋ ದಂಗೆ, ಐದೇ ದಿನಕ್ಕೆ ಟರ್ಕಿ ಸೈನ್ಯ ಬಂದಿಳೀತು. ಶಾಂತಿಪಡೆ ಅದನ್ನ ತಡೆಯೋಕಾಗ್ಲಿಲ್ಲ, ತಡೆಯೋ ಅಷ್ಟು ಬಲನೂ ಇರ್ಲಿಲ್ಲ, ಅಧಿಕಾರನೂ ಇರ್ಲಿಲ್ಲ. ಆದ್ರೆ ನಿಕೋಸಿಯಾ ವಿಮಾನ ನಿಲ್ದಾಣವನ್ನ ಮಾತ್ರ ಇದು ವಿಶ್ವಸಂಸ್ಥೆ ಜಾಗ ಅಂತ ಸಾರಿ ಬಿಟ್ಟುಕೊಡದೆ ನಿಂತ್ರು. ಆಗ ಕಮಾಂಡರ್ ದಿವಾನ್ ಪ್ರೇಮ್ ಚಂದ್, ಅವರೂ ಭಾರತದವರೇ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದ್ರು, ನಲವತ್ತು ಸಾವಿರಕ್ಕೂ ಹೆಚ್ಚು ಟರ್ಕಿಶ್ ಸೈಪ್ರಿಯಟ್ಟರು ಉತ್ತರಕ್ಕೆ ಹೋದ್ರು. ಮಧ್ಯದಲ್ಲಿ 180 ಕಿಲೋಮೀಟರ್ ಉದ್ದದ ಖಾಲಿ ಪಟ್ಟಿ. ಕೆಲವು ಕಡೆ ಏಳು ಕಿಲೋಮೀಟರ್ ಅಗಲ, ನಿಕೋಸಿಯಾದ ಹಳೇ ಪೇಟೆ ಗಲ್ಲಿಯಲ್ಲಿ ನಾಲ್ಕು ಮೀಟರೂ ಇಲ್ಲ, ಎದುರುಬದುರು ಬಾಲ್ಕನಿ ಅಷ್ಟೇ. ಆ ಪಟ್ಟಿಯೊಳಗೆ ಒಂದು ಗ್ಯಾರೇಜಲ್ಲಿ 1974ರಲ್ಲಿ ಮಾರಾಟಕ್ಕೆ ಬಂದಿದ್ದ ಹೊಸ ಟೊಯೋಟಾ ಕಾರುಗಳು ಧೂಳು ಹೊದ್ಕೊಂಡು ಹಾಗೇ ನಿಂತಿವೆ.

ಮಾತುಕತೆ ಆಗಿಲ್ಲ ಅಂತಲ್ಲ. 2004ರಲ್ಲಿ ಒಂದಾಗೋ ಯೋಜನೆಗೆ ಮತ ಕೇಳಿದ್ರು, ಉತ್ತರದವರು ಹೂಂ ಅಂದ್ರು, ದಕ್ಷಿಣದವರು ಬೇಡ ಅಂದ್ರು. 2017ರಲ್ಲಿ ಮತ್ತೆ ಕೂತು ಎದ್ರು. ಗುಂಡು ಹಾರದೇ ಇರೋವಾಗ ಯಾರಿಗೂ ಅವಸರ ಇರಲ್ಲ ನೋಡಿ, ಇದು ಆ ಪಡೆಯ ಯಶಸ್ಸು, ಅದರ ಸಂಕಟನೂ ಇದೇ.

ನನ್ನ ಮನಸ್ಸಿನಿಂದ ಹೋಗದೇ ಇರೋ ವಿಷಯ ಇನ್ನೊಂದಿದೆ. ಈ ಗಲಾಟೆಗಳಲ್ಲಿ ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರಿವೆ, 1,510 ಗ್ರೀಕ್ ಸೈಪ್ರಿಯಟ್ಟರು, 492 ಟರ್ಕಿಶ್ ಸೈಪ್ರಿಯಟ್ಟರು. ಇವರನ್ನ ಹುಡುಕೋಕೆ 1981ರಲ್ಲಿ ಸಮಿತಿ ಆಯ್ತು, ಆದ್ರೆ ಎರಡೂ ಕಡೆಯವರು ಒಟ್ಟಿಗೆ ಸೇರಿ ಅಗೆಯೋ ಕೆಲಸ ಸರಿಯಾಗಿ ಶುರುವಾಗಿದ್ದು 2006ರಲ್ಲಿ. ಯೋಚನೆ ಮಾಡಿ, ಅಷ್ಟರಲ್ಲಿ ಎಷ್ಟು ತಾಯಂದಿರು ಕಾದು ಕಾದು ಕಣ್ಮುಚ್ಚಿರಬಹುದು. ಅದೇ ಹಳೇ ವಿಮಾನ ನಿಲ್ದಾಣದ ಆವರಣದಲ್ಲಿ ಲ್ಯಾಬ್ ಇದೆ, ಗ್ರೀಕ್, ಟರ್ಕಿಶ್ ಎರಡೂ ಕಡೆಯ ಹುಡುಗ ಹುಡುಗಿಯರು ಒಂದೇ ಮೇಜಿನ ಮುಂದೆ ನಿಂತು ಮೂಳೆ ತೊಳೆದು ಜೋಡಿಸ್ತಾರೆ, ತಲೆಬುರುಡೆಯಿಂದ ಕಾಲ್ಬೆರಳವರೆಗೆ. ಡಿಎನ್‌ಎ ಹೊಂದಿದ್ರೆ ಮನೆಯವರನ್ನ ಕರೆದು ತೋರಿಸ್ತಾರೆ. ಹೀಗೆ ಸಾವಿರಕ್ಕೂ ಹೆಚ್ಚು ಜನ ಗುರುತು ಸಿಕ್ಕಿ ಮನೆಯವರ ಕೈಯಿಂದ ಮಣ್ಣು ಕಂಡಿದ್ದಾರೆ.

ಆದ್ರೆ ಒಂದು ಷರತ್ತಿದೆ. ಹೇಗೆ ಸತ್ತರು, ಯಾರು ಕೊಂದರು ಅನ್ನೋದನ್ನ ಆ ಸಮಿತಿ ಹೇಳೋ ಹಾಗಿಲ್ಲ. ಹೇಳೋದಾದ್ರೆ ಹೆಣ ಹೂತ ಜಾಗ ಗೊತ್ತಿರೋ ಮುದುಕರು ಬಾಯಿ ಬಿಡಲ್ಲ, ಮೂಳೆನೂ ಸಿಗಲ್ಲ ಅನ್ನೋ ಲೆಕ್ಕ. ಆ ಲೆಕ್ಕ ನನಗೆ ಅರ್ಥ ಆಗುತ್ತೆ, ಒಪ್ಪೋಕೆ ಮಾತ್ರ ಆಗ್ತಿಲ್ಲ. ತಲೆಬುರುಡೆಯಲ್ಲಿ ಗುಂಡಿನ ತೂತು ಎದುರಿಗೇ ಕಾಣ್ತಿದ್ರೂ ಮಗಳು ಯಾರಿದು ಮಾಡಿದ್ದು ಅಂತ ಕೇಳಿದ್ರೆ ಆ ಕೋಣೆಯಲ್ಲಿ ಯಾರೂ ಉತ್ತರ ಕೊಡೋ ಹಾಗಿಲ್ಲ. ಅವಳು ಅಪ್ಪನ ಮೂಳೆ ತುಂಬಿದ ಪೆಟ್ಟಿಗೆ ತಗೊಂಡು ಊರಿಗೆ ಹೋಗ್ತಾಳೆ, ದಾರಿ ಪಕ್ಕದಲ್ಲಿ ನೀಲಿ ಟೋಪಿಯವರು ಅವತ್ತಿನ ಗಸ್ತು ಮುಗಿಸಿ ಡೈರಿ ಬರೀತಿರ್ತಾರೆ.