ಹನ್ನೆರಡರೊಳಗೆ ಬ್ರೆಡ್ ಕೊಳ್ಳಿ

ಕೇಳುಗರಿಗೆಲ್ಲ ನಮಸ್ಕಾರ.

ಫ್ರಾನ್ಸ್‌ನಲ್ಲಿ ಸೈಕಲ್ ಹೊಡೆದು ಬಂದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ. ಯಾವ ಸೈಕಲ್ಲು? ಎಷ್ಟು ಗೇರು? ಅದನ್ನೆಲ್ಲ ಬಿಡಿ ಸ್ವಾಮಿ. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಕೇಳಿ. ಹಳ್ಳಿ ಕಡೆ ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಎರಡರ ಮೇಲೆ. ಭಾನುವಾರ ಮಧ್ಯಾಹ್ನ ಮುಚ್ಚಿದ ಎಷ್ಟೋ ಅಂಗಡಿ ಸೋಮವಾರವೂ ತೆಗೆಯುವುದಿಲ್ಲ. ಅದಕ್ಕೇ ಹೇಳುವುದು, ಹನ್ನೆರಡರೊಳಗೆ ಬ್ರೆಡ್ ಕೊಳ್ಳಿ.

ದಾರಿಯ ಚಿಂತೆ ಬೇಡ. ಮೊದಲ ಸಲಕ್ಕೆ ಲುವಾರ್ ನದಿ ದಂಡೆ ಹಿಡಿಯಿರಿ. ಸುಮಾರು 900 ಕಿಲೋಮೀಟರ್ ಸೈಕಲ್ ದಾರಿ, ಹೆಚ್ಚುಕಡಿಮೆ ಸಮತಟ್ಟು, ತಿರುವು ತಿರುವಿಗೂ ಫಲಕ. ಗಾಳಿ ಸಮುದ್ರದ ಕಡೆಯಿಂದ ಬೀಸುವುದೇ ಜಾಸ್ತಿ. ಹಾಗಾಗಿ ಸಮುದ್ರದ ಕಡೆಯ ನಾಂತ್ ಊರಿನಿಂದ ಪೂರ್ವಕ್ಕೆ ಹೊರಡಿ, ಗಾಳಿಯೇ ಬೆನ್ನು ತಳ್ಳುತ್ತದೆ. ರಾತ್ರಿಗೆ ಊರಿನ ಪುರಸಭೆಯ ಕ್ಯಾಂಪಿಂಗ್ ಜಾಗ. ಟೆಂಟ್ ಹಾಕಿಕೊಳ್ಳಬಹುದು, ಬಿಸಿನೀರು ಸಿಗುತ್ತೆ, ಹತ್ತು ಹದಿನೈದು ಯೂರೋದಲ್ಲಿ ಮುಗಿಯುತ್ತೆ.

ಇನ್ನು ಊಟ. ನಾನು ವೀಗನ್. ಹಾಲು, ಮೊಸರು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಅಲ್ಲಿನ ಹೋಟೆಲಲ್ಲಿ ಸಲಾಡ್ ಕೇಳಿದರೂ ಮೇಲೊಂದಿಷ್ಟು ಚೀಸ್ ಉದುರಿಸಿಯೇ ತರುತ್ತಾರೆ. ಆದರೆ ಅವರ ಬ್ರೆಡ್ ವೀಗನ್‌ಗಳ ಪರ. 'ತ್ರಾದಿಸಿಯೋಂ' ಅಂತ ಕೇಳಿ ಕೊಳ್ಳುವ ಬಗೆತ್, ಅಂದರೆ ಉದ್ದನೆಯ ಬ್ರೆಡ್ ಇದೆಯಲ್ಲ, ಅದಕ್ಕೆ 1993ರಿಂದ ಕಾನೂನೇ ಇದೆ. ಮುಖ್ಯವಾಗಿ ಗೋಧಿ ಹಿಟ್ಟು, ನೀರು, ಉಪ್ಪು, ಹುದುಗು. ಪಕ್ಕದಲ್ಲೇ ಹೊಳೆಯುವ ಕ್ರುಆಸಾಂ ಕಡೆ ನೋಡಲೇಬೇಡಿ, ಅದು ಪದರ ಪದರಕ್ಕೂ ಬೆಣ್ಣೆ.

ಈಗ ಒಂದು ಭಾನುವಾರದ ಕಥೆ ಹೇಳುತ್ತೇನೆ. ಆಗಸ್ಟ್ ತಿಂಗಳು, ಬ್ಲುವಾ ಅನ್ನುವ ಊರು ದಾಟಿದ್ದೆವು, ನಾನು ಮತ್ತು ನನ್ನ ಗೆಳೆಯ. ಒಂದು ಕೋಟೆ ನೋಡುತ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಮುಂದಿನ ಹಳ್ಳಿಗೆ ಬಂದಾಗ ಒಂದು ಗಂಟೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಬಾಟಲಿ ಎರಡೂ ಖಾಲಿ. ನೀರು ಬೇಕೆಂದರೆ ಸ್ಮಶಾನಕ್ಕೆ ಹೋಗಬೇಕು, ಫ್ರಾನ್ಸ್‌ನಲ್ಲಿ ಸೈಕಲ್ ಹೊಡೆಯುವವರಿಗೆಲ್ಲ ಗೊತ್ತಿರುವ ಗುಟ್ಟು ಅದು. ಸಮಾಧಿಯ ಹೂಗಿಡಕ್ಕೆ ಅಂತ ಗೇಟಿನ ಹತ್ತಿರ ನಲ್ಲಿ ಇಟ್ಟಿರುತ್ತಾರೆ. 'ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬಾರದು.

ಗೆಳೆಯ ಗೇಟಿನಲ್ಲೇ ನಿಂತ. "ಸ್ಮಶಾನದ ನೀರಾ? ನಮ್ಮಜ್ಜಿಗೆ ಗೊತ್ತಾದರೆ ಮನೆಯೊಳಗೆ ಸೇರಿಸಲ್ಲ ಕಣೋ!" ಒಳಗೆ ಒಬ್ಬ ಅಜ್ಜಿ ಹಸಿರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನು ಬಾಟಲಿ ತೋರಿಸಿದೆ. ಅವರೇ ನಲ್ಲಿ ಬಿಟ್ಟು ತಾವು ಮೊದಲು ಒಂದು ಬೊಗಸೆ ಕುಡಿದರು. ಆಮೇಲೆ ನೋಡಬೇಕಿತ್ತು ಇವನನ್ನು, ಒಂದು ಲೀಟರ್ ಗಟಗಟ ಇಳಿಸಿಬಿಟ್ಟ. ಹೊಟ್ಟೆ ಮುಟ್ಟಿ ಹಸಿವು ಅಂದೆವು. ಅಜ್ಜಿ ಚೀಸ್ ಅಂದರು, ನಾನು ತಲೆಯಾಡಿಸಿದೆ. ಮೊಟ್ಟೆ? ಅದೂ ಬೇಡ. ಬೆಣ್ಣೆ? ಅದೂ ಬೇಡ. ಪಾಪ, ಇವರಿಗೇನೋ ಕಾಯಿಲೆ ಅನ್ನುವ ಹಾಗೆ ನೋಡಿದರು. ಕೊನೆಗೆ ಕೈ ಹಿಡಿದು ಚೌಕಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಗೆತ್ ಕೊಡುವ ಮೆಷಿನ್! ಆದರೆ ಅದಕ್ಕೆ ಚಿಲ್ಲರೆಯೇ ಬೇಕು, ನಮ್ಮ ಹತ್ತಿರ ಇಪ್ಪತ್ತರ ನೋಟು. ಅಜ್ಜಿ ಪರ್ಸ್ ತೆಗೆದು ನಾಣ್ಯ ಹಾಕಿದರು. ಬ್ರೆಡ್ ದಬಕ್ಕನೆ ಬಿತ್ತು. ನಾವು ದುಡ್ಡು ಕೊಡಲು ಹೋದರೆ ಗದರಿದರು, ಗಡಿಯಾರ ತಟ್ಟಿ ತೋರಿಸಿದರು. ಅದೇ, ಹನ್ನೆರಡರೊಳಗೆ!

ಅಯ್ಯೋ, ಸ್ಟುಡಿಯೋದಿಂದ ಕೈಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಡುಗೆ ಒಲೆಯ ಗ್ಯಾಸ್ ಕ್ಯಾನ್ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಡೆಕಾಥ್ಲಾನ್ ಅನ್ನುವ ಆಟದ ಸಾಮಾನಿನ ಅಂಗಡಿಯಲ್ಲಿ ಕೊಳ್ಳಿ. ಪ್ಯೂಯಿ ಊರಿನ ಹಸಿರು ಲೆಂಟಿಲ್ ಅನ್ನುವ ಕಾಳು ಒಂದು ಪೊಟ್ಟಣ ತಗೊಳ್ಳಿ, ನೆನೆಸದೆಯೇ ಅರ್ಧ ಗಂಟೆಯೊಳಗೆ ಬೇಯುತ್ತೆ, ಮನೆಯಿಂದ ಒಯ್ದ ಸಾರಿನ ಪುಡಿ ಹಾಕಿದರೆ ಮುಗೀತು. ಕಾಲು ಸೋತರೆ ಟಿಇಆರ್ ಅನ್ನುವ ಪ್ಯಾಸೆಂಜರ್ ರೈಲಿಗೆ ಸೈಕಲ್ ಏರಿಸಿ.

ಮತ್ತೆ ಮೊಬೈಲಿನಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಅಲಾರಂ ಇಟ್ಟುಕೊಳ್ಳಿ. ನನ್ನದು ಈಗಲೂ ಹೊಡೆಯುತ್ತೆ, ಆಫೀಸಿನ ಮೀಟಿಂಗ್ ಮಧ್ಯೆ ಕೂಡ. ನಮಸ್ಕಾರ.